ಎಸ್ ತಿರುವಿನಲ್ಲಿ ಹಳಿ ಬಿಡುತ್ತಿದ್ದ ಡೈರೆಕ್ಟ್ ಓರಿಯಂಟ್

ಮೂರು ವಾರ ತಲೆ ತಿಂದ ಸಮಸ್ಯೆ ನಿನ್ನೆ ರಾತ್ರಿ ಬಗೆಹರಿಯಿತು. ಬಸವನಗುಡಿಯ ನಮ್ಮ ಮಹಡಿ ಕೋಣೆಯಲ್ಲಿ 1:87 ಅಳತೆಯ ಡೈರೆಕ್ಟ್ ಓರಿಯಂಟ್ ಮಾದರಿ ರೈಲು ಜೋಡಿಸುತ್ತಿದ್ದೇನೆ. 1977ರ ಮೇವರೆಗೆ ಪ್ಯಾರಿಸ್‌ನಿಂದ ಇಸ್ತಾಂಬುಲ್‌ಗೆ ಓಡಿದ ರೈಲು. ದಾರಿಯುದ್ದಕ್ಕೂ ಬೋಗಿಗಳು ಸೇರುತ್ತಿದ್ದವು, ಕಳಚುತ್ತಿದ್ದವು. ಒಂದೊಂದು ದೇಶದ್ದು ಒಂದೊಂದು ಬಣ್ಣ, ಒಂದೊಂದು ಉದ್ದ. ನನಗೆ ಅದೇ ಚೆಂದ.

ತೊಂದರೆಯೂ ಅಲ್ಲೇ ಇತ್ತು. ನೀಲಿ ಸ್ಲೀಪರ್ ಬೋಗಿ 27 ಸೆಂ.ಮೀ. ಅದರ ಹಿಂದಿನ ಯುಗೊಸ್ಲಾವ್ ಬೋಗಿ 30 ಸೆಂ.ಮೀ. ಎಸ್ ತಿರುವು ಬಂತೆಂದರೆ ಸ್ಲೀಪರ್ ಹಳಿಯಿಂದ ಕೆಳಗೆ! ಹಳಿ ಸರಿಯಿಲ್ಲ ಅಂದುಕೊಂಡು ಸುಮ್ನೆ ಎರಡು ಸಲ ಕಿತ್ತು ಹಾಕಿದೆ. ಆಮೇಲೆ ಫೋನನ್ನು ಹಳಿಯ ಮಟ್ಟಕ್ಕಿಟ್ಟು ಸ್ಲೋ ಮೋಷನ್ ವಿಡಿಯೊ ತೆಗೆದೆ. ಉದ್ದದ ಬೋಗಿಯ ತುದಿ ಜಾಸ್ತಿ ಹೊರಗೆ ಚಾಚುತ್ತಿತ್ತು. ಅದರ ತುದಿಯಲ್ಲಿ ಧಕ್ಕೆ ತಡೆಯುವ ತಟ್ಟೆ, ಅಂದರೆ ಬಫರ್, ಹೋಗಿ ಸ್ಲೀಪರ್‌ನ ಬಫರ್ ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ನೇರ ಹಳಿಗೆ ಬಂದಾಗ ಬಿಡಿಸಿಕೊಳ್ಳಲಾಗದೆ ಹಗುರವಾದ ಸ್ಲೀಪರ್ ಏಳುತ್ತಿತ್ತು.

ಸ್ಲೀಪರ್ ಹಳೇ ಮಾದರಿ. ತಿರುವಿನಲ್ಲಿ ಕಪ್ಲಿಂಗ್ (ಬೋಗಿಗಳನ್ನು ಜೋಡಿಸುವ ಕೊಂಡಿ) ತಾನೇ ಉದ್ದವಾಗುವ ಏರ್ಪಾಡು ಅದಕ್ಕಿಲ್ಲ. ಹಾಗಾಗಿ ಆ ಒಂದು ಜೋಡಣೆಗೆ 2 ಮಿ.ಮೀ. ಹೆಚ್ಚು ಉದ್ದದ ಕಪ್ಲಿಂಗ್ ಹಾಕಿದೆ. ಕೊಂಡಿಗಳ ಎತ್ತರವೂ ಕೂದಲೆಳೆಯಷ್ಟು ಬೇರೆ ಇತ್ತು. ನಂದಿನಿ ಹಾಲಿನ ಪ್ಯಾಕೆಟ್‌ನಿಂದ ಪುಟ್ಟ ವಾಷರ್ ಕತ್ತರಿಸಿ ಕೆಳಗಿಟ್ಟೆ, ಸಮವಾಯಿತು. ಎರಡು ತಿರುವುಗಳ ನಡುವೆ 30 ಸೆಂ.ಮೀ. ನೇರ ಹಳಿಯನ್ನೂ ಸೇರಿಸಿದೆ. ನಿಜವಾದ ಪರಿಹಾರ ಇದೇ ಅನ್ನಿಸುತ್ತದೆ. ಜಾಗ ಇದ್ದರೆ ಇದನ್ನೇ ಮೊದಲು ಮಾಡಿ.

ಬೆಳಿಗ್ಗೆ ಕಾಫಿ ಆರುವಷ್ಟು ಹೊತ್ತು ಓಡಿಸಿದೆ. ನೀಲಿ ಸ್ಲೀಪರ್ ಒಮ್ಮೆಯೂ ಅಲುಗಲಿಲ್ಲ.