ಮಳೆ ನಕ್ಷೆಗೆ ಕಾಮನಬಿಲ್ಲು ಬೇಡ

ಕರ್ನಾಟಕದ ಜಿಲ್ಲಾವಾರು ವಾರ್ಷಿಕ ಮಳೆಯ ನಕ್ಷೆ ಪರದೆ ಮೇಲೆ ಚೆನ್ನಾಗೇ ಇತ್ತು. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನ 'ಸ್ಪೆಕ್ಟ್ರಲ್' ಬಣ್ಣಸರಣಿ: ಕೆಂಪು, ಹಳದಿ, ನೀಲಿ. ಕಪ್ಪು-ಬಿಳುಪು ಜೆರಾಕ್ಸ್ ಕೈಗೆ ಬಂದರೆ ಉಡುಪಿಯೂ ಚಿತ್ರದುರ್ಗವೂ ಹೆಚ್ಚುಕಡಿಮೆ ಒಂದೇ ಬೂದು! ಎಲ್ಲಿಯ ಕರಾವಳಿ, ಎಲ್ಲಿಯ ಬಯಲುಸೀಮೆ.

ಕಾರಣ ಸರಳ. ಆ ಸರಣಿಯ ಎರಡೂ ತುದಿ ಗಾಢ, ನಡುವೆ ತಿಳಿ. ಮಳೆಯೋ ಕಡಿಮೆಯಿಂದ ಜಾಸ್ತಿಗೆ ಒಂದೇ ದಿಕ್ಕಿನಲ್ಲಿ ಏರುವ ಲೆಕ್ಕ. ಬಣ್ಣವೂ ತಿಳಿಯಿಂದ ಗಾಢಕ್ಕೆ ಹಾಗೇ ಏರಬೇಕು. ಬಣ್ಣ-ಗುರುತು ಹೊಂದಿಸುವ 'ಸಿಂಬಾಲಜಿ'ಯಲ್ಲಿ, ಅಂಕಿಗಳನ್ನು ವರ್ಗಗಳಾಗಿ ಒಡೆದು ಬಣ್ಣ ಕೊಡುವ 'ಗ್ರಾಜುಯೇಟೆಡ್' ಇಟ್ಟು, ನಕ್ಷಾತಜ್ಞೆ ಸಿಂಥಿಯಾ ಬ್ರೂವರ್ ಅವರ ಕಲರ್‌ಬ್ರೂವರ್ ಸಂಗ್ರಹದಿಂದ ತಿಳಿಹಳದಿ-ಹಸಿರು-ನೀಲಿ ಸರಣಿ ಹಾಕಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ವರ್ಗಗಳ ಗಡಿಗಳನ್ನು ಸಮಾನ ಅಂತರದಲ್ಲಿ ಇಟ್ಟಾಗ ಕರಾವಳಿಯ ಭಾರೀ ಅಂಕಿಗಳು ಮೇಲಿನ ವರ್ಗಗಳನ್ನು ಹಿಡಿದು, ಒಳನಾಡು ಬಹುಪಾಲು ಒಂದೇ ಹಳದಿಯಾಯಿತು. 600, 800, 1200, 2500 ಮಿ.ಮೀ. ಎಂದು ಗಡಿಗಳನ್ನು ಕೈಯಾರೆ ಕೊಟ್ಟೆ. ಐದೇ ವರ್ಗ, ಅದಕ್ಕಿಂತ ಹೆಚ್ಚಾದರೆ ಬದಿಯ ಸೂಚಿಯಲ್ಲಿರುವ (ಯಾವ ಬಣ್ಣಕ್ಕೆ ಎಷ್ಟು ಮಳೆ ಎಂಬ ಪಟ್ಟಿ) ಬಣ್ಣವನ್ನು ನಕ್ಷೆಗೆ ಹೊಂದಿಸಿ ನೋಡುವುದೇ ಕಷ್ಟ.

'ವ್ಯೂ' ಮೆನುವಿನ 'ಪ್ರಿವ್ಯೂ ಮೋಡ್'ನಲ್ಲಿ ಬೂದು ನೋಟವೂ ಇದೆ, ಕೆಂಪು-ಹಸಿರು ಗುರುತಿಸಲಾಗದ ಕಣ್ಣಿನ ನೋಟವೂ ಇದೆ. ಎರಡರಲ್ಲೂ ಹೊಸ ನಕ್ಷೆ ಪಾಸಾಯಿತು. ಮುದ್ರಿಸುವ ಮೊದಲು ಒಮ್ಮೆ ಒತ್ತಿ ನೋಡಿ, ಕಾಸು ಖರ್ಚಿಲ್ಲ.

ಎರಡು ತುದಿ ಗಾಢವಿರುವ ಸರಣಿ ದಂಡವೇನಲ್ಲ. ವಾಡಿಕೆ ಮಳೆಗಿಂತ ಎಷ್ಟು ಹೆಚ್ಚು, ಎಷ್ಟು ಕೊರತೆ ಎಂದು ತೋರಿಸುವಾಗ ಅದೇ ಸರಿ: ಕೊರತೆಗೆ ಕಂದು, ಹೆಚ್ಚಳಕ್ಕೆ ಹಸಿರುನೀಲಿ, ಸೊನ್ನೆಯ ಆಸುಪಾಸಿಗೆ ಬಿಳಿ. ಆ ಬಿಳಿ ಮಾತ್ರ ಸೊನ್ನೆಯ ಮೇಲೇ ಕೂರಬೇಕು.