ಶುಲ್ಕ ಇಳಿಸಿದರೆ ಸಾಲದು: ಆಪ್ತಸಮಾಲೋಚನೆಯನ್ನು ಕೈಗೆಟುಕಿಸಲು ಹೊರಟ ನನ್ನ ಅನುಭವ

ಆಪ್ತಸಮಾಲೋಚಕಿಯಾಗಿ ಕೆಲಸಕ್ಕಿಳಿದು ಐದಾರು ವರ್ಷ ಕಳೆದ ಮೇಲೆ, ನನ್ನ ಬಳಿಗೆ ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಜನ ಎಂಬುದು ಗಮನಕ್ಕೆ ಬಂತು. ಅವರು ಓದಿದವರು, ತಿಂಗಳ ಸಂಬಳದವರು, ಕೆಲಸದ ನಡುವೆ ಒಂದು ಗಂಟೆ ಎದ್ದು ಹೋದರೆ ಯಾರೂ ಕಾರಣ ಕೇಳದಂಥವರು. ಖಿನ್ನತೆಯಾಗಲಿ ಆತಂಕವಾಗಲಿ ಇಂಥವರನ್ನಷ್ಟೇ ಆರಿಸಿಕೊಂಡು ಬರುವುದಿಲ್ಲವಾದ್ದರಿಂದ, ಉಳಿದವರು ಬಾರದಿರುವುದಕ್ಕೆ ಶುಲ್ಕವೇ ಕಾರಣವೆಂದು ತೀರ್ಮಾನಿಸಿ, ವಾರದ 20 ಭೇಟಿಗಳಲ್ಲಿ 5 ಭೇಟಿಗಳನ್ನು ಅರ್ಧ ಶುಲ್ಕಕ್ಕೆ ಮೀಸಲಿಟ್ಟೆ. ರಿಯಾಯಿತಿ ಬೇಕಾದವರು ಆದಾಯದ ದಾಖಲೆ ತರಬೇಕೆಂಬ ನಿಯಮವನ್ನೂ ಮಾಡಿದೆ. ಮೂರು ತಿಂಗಳು ಕಳೆದರೂ ಆ ಐದರಲ್ಲಿ ಎರಡು ಖಾಲಿಯಾಗಿಯೇ ಉಳಿದವು. ಬಂದವರಲ್ಲಿ ಹಲವರು ಎರಡನೆಯ ಭೇಟಿಗೆ ಮುಖ ತೋರಿಸಲಿಲ್ಲ.

ಮೊದಲ ಭೇಟಿಯಲ್ಲಿಯೇ ಒಪ್ಪಿಗೆ ಪಡೆದಿದ್ದರಿಂದ, ಬಿಟ್ಟುಹೋದವರಿಗೆ ನಾನೇ ಕರೆ ಮಾಡಿ ಕಾರಣ ಕೇಳಿದೆ. ಶುಲ್ಕದ ಮಾತನ್ನು ಯಾರೂ ಮೊದಲಿಗೆ ಎತ್ತಲಿಲ್ಲ. ಒಬ್ಬರಿಗೆ ನನ್ನ ಬಳಿ ಬಂದ ದಿನದ ಕೂಲಿ ಹೋಗುತ್ತಿತ್ತು; ಇನ್ನೊಬ್ಬರಿಗೆ ಮಗುವನ್ನು ಬಿಟ್ಟುಬರಲು ಜನವಿರಲಿಲ್ಲ; ಮತ್ತೊಬ್ಬರಿಗೆ ಎರಡು ಬಸ್ಸು ಬದಲಿಸಿ ಬಂದು ಹೋಗುವುದಕ್ಕೇ ಅರ್ಧ ದಿನ ಹಿಡಿಯುತ್ತಿತ್ತು. ಆದಾಯದ ದಾಖಲೆ ತಂದುಕೊಟ್ಟ ಒಬ್ಬರು, ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟ ಗಳಿಗೆಯಲ್ಲಿಯೇ ಮತ್ತೆ ಬರಬಾರದೆಂದು ನಿಶ್ಚಯಿಸಿದ್ದರಂತೆ. ಆ ಮಾತು ನನಗೆ ನಾಟಿತು.

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರ ಕೆಲಸವನ್ನು ನಾನು ಗಂಭೀರವಾಗಿ ಓದತೊಡಗಿದ್ದು ಆ ದಿನಗಳಲ್ಲಿ. ಅವರ ಆರೈಕೆಯಲ್ಲಿದ್ದ ಯುವತಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಾಗ, ಅವಳ ಕುಟುಂಬ ಅವಳನ್ನು ಆಸ್ಪತ್ರೆಗೆ ಕರೆತರಲಾರದೆ ಹೋದದ್ದು ಬಸ್ಸಿಗೆ ಬೇಕಿದ್ದ 15 ಡಾಲರ್ ಇಲ್ಲದ ಕಾರಣಕ್ಕೆ ಎಂದು ಅವರೇ ಹೇಳಿಕೊಂಡಿದ್ದಾರೆ. 2006ರಲ್ಲಿ ಅವರು ಆರಂಭಿಸಿದ ‘ಫ್ರೆಂಡ್‌ಶಿಪ್ ಬೆಂಚ್’ ವ್ಯವಸ್ಥೆಯಲ್ಲಿ, ಸಮಸ್ಯೆಗಳನ್ನು ಬಿಡಿಸಿ ನೋಡಿ ಒಂದೊಂದಾಗಿ ಪರಿಹರಿಸಿಕೊಳ್ಳುವ ವಿಧಾನದಲ್ಲಿ ತರಬೇತಿ ಪಡೆದ ಅಜ್ಜಿಯರು ಚಿಕಿತ್ಸಾಲಯದ ಆವರಣದ ಮರದ ಬೆಂಚಿನ ಮೇಲೆ ಕುಳಿತು ಜನರ ಮಾತು ಕೇಳುತ್ತಾರೆ. ಹರಾರೆಯ 24 ಚಿಕಿತ್ಸಾಲಯಗಳಲ್ಲಿ 573 ಮಂದಿಯನ್ನು ಒಳಗೊಂಡು ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ, ಮಾಮೂಲಿ ಆರೈಕೆ ಪಡೆದವರಿಗಿಂತ ಬೆಂಚಿನ ಮೇಲೆ ಕುಳಿತು ಮಾತಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಿದ್ದವು. ನನ್ನನ್ನು ಸೆಳೆದದ್ದು ಅಜ್ಜಿಯರಿಗಿಂತ ಹೆಚ್ಚಾಗಿ ಆ ಬೆಂಚು ಇದ್ದ ಜಾಗ: ಜನ ಹೇಗೂ ಬಂದೇ ಬರುವ ಕಡೆಗೆ ಅದು ತಾನೇ ಹೋಗಿ ಕುಳಿತಿತ್ತು.

ಮೊದಲು ದಾಖಲೆಯ ನಿಯಮವನ್ನು ಕೈಬಿಟ್ಟು, ಮೂರು ಹಂತದ ಶುಲ್ಕವನ್ನು ಬರೆದಿಟ್ಟು, ಆಯ್ಕೆಯನ್ನು ಬರುವವರಿಗೇ ಒಪ್ಪಿಸಿದೆ. ಎಲ್ಲರೂ ಕೆಳಗಿನ ಹಂತವನ್ನೇ ಆರಿಸಿಕೊಂಡಾರು ಎಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಹಾಗಾಗಲಿಲ್ಲ, ಕೆಲಸ ಸಿಕ್ಕ ಮೇಲೆ ತಾವಾಗಿಯೇ ಮೇಲಿನ ಹಂತಕ್ಕೆ ಹೋದವರೂ ಇದ್ದಾರೆ. ಆದರೆ ಕಡಿಮೆ ಶುಲ್ಕದ ಭೇಟಿಗಳಿಗೆ ಒಂದು ಮಿತಿ ಹಾಕಿಕೊಳ್ಳುವುದನ್ನು ನಾನು ಕಲಿತದ್ದು ತಡವಾಗಿ. ಮೊದಲ ವರ್ಷ ಯಾರಿಗೂ ಇಲ್ಲವೆನ್ನಲಾರದೆ ದಿನಕ್ಕೆ ಎಂಟು ಜನರನ್ನು ಕಂಡೆ. ಸಂಜೆಯ ಹೊತ್ತಿಗೆ ನನ್ನ ಎದುರು ಕುಳಿತವರ ಮಾತು ಕಿವಿಗೆ ಬೀಳುತ್ತಿತ್ತೇ ಹೊರತು ಮನಸ್ಸಿಗೆ ಇಳಿಯುತ್ತಿರಲಿಲ್ಲ, ಮತ್ತು ಸಂಜೆ ಬರುತ್ತಿದ್ದವರು ಬಹುಮಟ್ಟಿಗೆ ಕಡಿಮೆ ಶುಲ್ಕದವರೇ ಆಗಿದ್ದರು.

ಫೋನಿನ ಸಮಾಲೋಚನೆ ದೂರದ ತೊಡಕನ್ನು ನೀಗಿಸಿತಾದರೂ ಗುಟ್ಟಿನ ತೊಡಕನ್ನು ತಂದಿತು. ಒಂದೇ ಕೋಣೆಯಲ್ಲಿ ನಾಲ್ಕೈದು ಜನ ವಾಸಿಸುವ ಮನೆಯಲ್ಲಿ, ಗಂಡನ ಬಗೆಗೋ ಅತ್ತೆಯ ಬಗೆಗೋ ಬಾಯಿ ಬಿಡುವುದಾದರೂ ಹೇಗೆ? ಹೀಗಾಗಿ ಪ್ರತಿ ಕರೆಯ ಆರಂಭದಲ್ಲಿ ‘ಹತ್ತಿರ ಯಾರಾದರೂ ಇದ್ದಾರೆಯೇ’ ಎಂದು, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದಂತೆ ಕೇಳುತ್ತೇನೆ. ನಡುವೆ ಯಾರಾದರೂ ಬಂದರೆ ಹೇಳಬೇಕಾದ ಒಂದು ಸಾಧಾರಣ ಪದವನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತೇವೆ, ಅದು ಕೇಳಿಸಿದೊಡನೆ ನಾನು ಮಾತು ಬದಲಿಸುತ್ತೇನೆ. ವಿಡಿಯೋ ಕರೆಯ ಬದಲು ಬರಿಯ ಧ್ವನಿಕರೆಯನ್ನೇ ಆರಿಸಿಕೊಂಡದ್ದರಿಂದ ಡೇಟಾ ಖರ್ಚು ಉಳಿಯಿತು. ನಡೆಯುತ್ತಲೇ ಮಾತಾಡುವ ಅವಕಾಶವೂ ಅವರಿಗೆ ಸಿಕ್ಕಿತು.

ಇಷ್ಟಾದರೂ ನಾನು ಒಬ್ಬಳೇ. ಹೆಚ್ಚು ಜನರನ್ನು ತಲುಪಬೇಕಾದರೆ, ಪದವಿಯಿಲ್ಲದಿದ್ದರೂ ತಾಳ್ಮೆಯಿಂದ ಕೇಳಬಲ್ಲವರಿಗೆ ತರಬೇತಿ ಕೊಡದೆ ದಾರಿಯಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ ಕೈಪಿಡಿ ಉಚಿತವಾಗಿ ಸಿಗುತ್ತದೆ; ವಾರಕ್ಕೊಂದರಂತೆ ತಲಾ 90 ನಿಮಿಷಗಳ ಐದು ಭೇಟಿಗಳಲ್ಲಿ ಉಸಿರಾಟದ ಮೂಲಕ ಒತ್ತಡ ತಗ್ಗಿಸಿಕೊಳ್ಳುವುದು, ಪರಿಹರಿಸಬಲ್ಲ ಸಮಸ್ಯೆಯನ್ನು ಗುರುತಿಸಿ ಕೈಗೆತ್ತಿಕೊಳ್ಳುವುದು, ಬಿಟ್ಟುಹೋದ ಚಟುವಟಿಕೆಗಳನ್ನು ಮತ್ತೆ ಆರಂಭಿಸುವುದು, ನೆರವಾಗಬಲ್ಲವರ ಸಂಪರ್ಕವನ್ನು ಗಟ್ಟಿಗೊಳಿಸುವುದು ಇವಿಷ್ಟನ್ನು ಅದು ಕಲಿಸುತ್ತದೆ. ನಾಲ್ವರನ್ನು ಆರಿಸಿ ಅದರಲ್ಲಿ ಪಳಗಿಸಿದೆ. ಅವರಿಗೆ ಅತಿ ಕಷ್ಟವಾದದ್ದು ಸಲಹೆ ಕೊಡದೆ ಸುಮ್ಮನಿರುವುದು. ನನಗೂ ಅದು ಇನ್ನೂ ಪೂರ್ತಿ ಒಲಿದಿಲ್ಲವೆನ್ನಿ.

ಒಂದು ದೊಡ್ಡ ತಪ್ಪು ನನ್ನಿಂದಲೇ ಆಯಿತು. ಮೊದಲ ಭೇಟಿಯಲ್ಲಿ ನಾವು ಖಿನ್ನತೆಯ ಮಟ್ಟವನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ತುಂಬಿಸುತ್ತೇವೆ. ಅಂಕ 0ಯಿಂದ 27ರವರೆಗೆ ಇರುತ್ತದೆ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ವಿಚಾರಣೆ ಬೇಕು. ಒಮ್ಮೆ ಯುವಕನೊಬ್ಬನ ಒಟ್ಟು ಅಂಕ 8 ಬಂದಿತ್ತು. ಕಡಿಮೆಯೆಂದು ಹಾಳೆಯನ್ನು ಕಡತಕ್ಕೆ ಸೇರಿಸಲಾಯಿತು. ಐದು ದಿನಗಳ ಬಳಿಕ ವಾರದ ಪರಿಶೀಲನೆಗೆ ಕುಳಿತಾಗ, ಸಾವಿನ ಮತ್ತು ತನ್ನನ್ನು ತಾನು ಘಾಸಿಗೊಳಿಸಿಕೊಳ್ಳುವ ಯೋಚನೆಗಳನ್ನು ಕುರಿತ ಒಂಬತ್ತನೆಯ ಪ್ರಶ್ನೆಗೆ ಅವನು ‘ಹಲವು ದಿನ’ ಎಂದು ಗುರುತು ಹಾಕಿದ್ದು ಕಣ್ಣಿಗೆ ಬಿತ್ತು. ನನ್ನ ಕೈಕಾಲು ತಣ್ಣಗಾದವು. ಕೂಡಲೇ ಕರೆ ಮಾಡಿದೆ. ಅವನು ಸುರಕ್ಷಿತವಾಗಿದ್ದ, ಮರುದಿನವೇ ಮನೋವೈದ್ಯರನ್ನು ಕಾಣಲು ಒಪ್ಪಿದ. ಹಾಳೆ ತುಂಬಿಸಿದವಳ ತಪ್ಪೇನೂ ಇರಲಿಲ್ಲ, ಒಟ್ಟು ಅಂಕವನ್ನು ನೋಡಬೇಕೆಂದು ಕಲಿಸಿದ್ದವಳು ನಾನೇ. ಅಂದಿನಿಂದ ಒಟ್ಟು ಎಷ್ಟೇ ಇರಲಿ, ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ, ಆ ವ್ಯಕ್ತಿ ಎದ್ದು ಹೋಗುವ ಮೊದಲೇ ನನಗೆ ಕರೆ ಬರಬೇಕು.

ಈ ಪ್ರಸಂಗದ ಬಳಿಕ ನನ್ನ ಲೆಕ್ಕಪುಸ್ತಕದ ರೂಪವೇ ಬದಲಾಯಿತು. ಬಾಡಿಗೆ ಕೋಣೆಯನ್ನು ಬಿಟ್ಟುಕೊಟ್ಟು, ಗ್ರಂಥಾಲಯದಲ್ಲೂ ಶಾಲೆಯಲ್ಲೂ ಸಂಜೆಯ ಹೊತ್ತು ಖಾಲಿ ಬೀಳುವ ಕೋಣೆಗಳನ್ನು ಕೇಳಿ ಪಡೆದೆ. ಉಳಿದ ಹಣದಲ್ಲಿ ನಮ್ಮ ಕೆಲಸವನ್ನು ಪ್ರತಿ ವಾರ ಪರಿಶೀಲಿಸಲು ಅನುಭವಿ ಮನಃಶಾಸ್ತ್ರಜ್ಞೆಯೊಬ್ಬರನ್ನು ನೇಮಿಸಿಕೊಂಡೆ. ನೆರವು ಕೊಡಲು ಮುಂದೆ ಬಂದ ಒಬ್ಬರು, ಜನರನ್ನು ನೇರವಾಗಿ ಕಾಣದ ಇವರಿಗೇಕೆ ಇಷ್ಟು ಹಣ, ಅದನ್ನು ತೆಗೆದರೆ ಇನ್ನಷ್ಟು ಜನರನ್ನು ಕಾಣಬಹುದಲ್ಲ ಎಂದು ಕೇಳಿದರು. ನಾನು ಅವರಿಗೆ ಆ ಹಾಳೆಯ ಕಥೆಯನ್ನು, ಹೆಸರು ಗುರುತು ಬಿಟ್ಟು ಹೇಳಿದೆ. ಅವರು ಖರ್ಚಿನ ಪಟ್ಟಿಯ ಆ ಸಾಲನ್ನು ಹಾಗೆಯೇ ಉಳಿಸಿ ಸಹಿ ಹಾಕಿದರು.