ಗೋಳದ ನಡುವಿನ ಕತ್ತಲೆ

ಏಪ್ರಿಲ್ ತಿಂಗಳ ಒಂದು ಸಂಜೆ, ಹೆಬ್ಬಾಳದ ಕಡೆಯ ನಮ್ಮ ಪ್ರಯೋಗಾಲಯದಲ್ಲಿ ನಾನು ಬೆಳೆಸಿದ ಕ್ಯಾನ್ಸರ್ ಕೋಶಗಳ ಪುಟ್ಟ ಗೋಳವೊಂದನ್ನು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ, ಅಂದರೆ ವಸ್ತುವಿನ ಒಳಪದರಗಳನ್ನು ಒಂದೊಂದಾಗಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ, ನೋಡುತ್ತಿದ್ದಾಗ ಪರದೆಯ ಮೇಲೆ ಒಂದು ಬಳೆ ಮೂಡಿತು. ಅಂಚಿನಲ್ಲಿ ಕೆಂಪು ಚುಕ್ಕೆಗಳು, ನಡುವೆ ಬರೀ ಕತ್ತಲೆ. ಆ ಕೆಂಪು ಕೆಐ-67 ಎಂಬ ಪ್ರೋಟೀನಿನ ಗುರುತು. ವಿಭಜನೆಗೆ ತೊಡಗಿದ ಜೀವಕೋಶಗಳಲ್ಲಿ ಅದು ಕಾಣುತ್ತದೆ. ‘ಒಳಗಿನ ಕೋಶಗಳು ವಿಭಜನೆ ನಿಲ್ಲಿಸಿವೆ’ ಎಂದು ಸಂತೋಷದಿಂದ ಬರೆದಿಟ್ಟೆ. ಮೂರು ವಾರಗಳ ನಂತರ ಆ ಸಾಲನ್ನು ಹೊಡೆದುಹಾಕಿದೆ.

ನಾನು ಬೆಳೆಸುವುದು ಎಂಸಿಎಫ್-7 ಕೋಶಗಳನ್ನು. 1970ರಲ್ಲಿ ಸ್ತನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅಮೆರಿಕದ ಒಬ್ಬ ಸನ್ಯಾಸಿನಿಯ ಎದೆಯಲ್ಲಿ ತುಂಬಿದ್ದ ದ್ರವದಿಂದ ಪಡೆದ ತಳಿ ಅದು. ಚಪ್ಪಟೆ ತಟ್ಟೆಯಲ್ಲಿ ಹರಡಿಕೊಂಡ ಕೋಶಗಳಿಗೆಲ್ಲ ಆಮ್ಲಜನಕವೂ ಔಷಧವೂ ಒಂದೇ ಸಮನಾಗಿ ಸಿಗುತ್ತವೆ. ಗಡ್ಡೆಯೊಳಗೆ ಹಾಗಿರುವುದಿಲ್ಲ. ಆದ್ದರಿಂದ 96 ಗುಳಿಗಳ ತಟ್ಟೆಯ ತಳಕ್ಕೆ 1.5 ಶೇಕಡಾ ಅಗರೋಸ್ ಎಂಬ ಜೆಲ್ಲಿ ಹೊಯ್ದು, ಪ್ರತಿ ಗುಳಿಗೆ ಸಾವಿರ ಕೋಶಗಳನ್ನು ಹಾಕುತ್ತೇನೆ. ಅಗರೋಸ್ ಮೇಲೆ ಕಾಲೂರಲಾಗದ ಕೋಶಗಳು ಒಂದನ್ನೊಂದು ಹಿಡಿದುಕೊಂಡು ಗೋಳವಾಗುತ್ತವೆ. ನಾಲ್ಕನೆಯ ದಿನಕ್ಕೆ ಅಡ್ಡಳತೆ ಸುಮಾರು 300 ಮೈಕ್ರೋಮೀಟರ್. ಗಸಗಸೆ ಕಾಳಿಗಿಂತಲೂ ಚಿಕ್ಕದು. ಎತ್ತುವಾಗ ಪಿಪೆಟ್ಟಿನ ತುದಿಯನ್ನು ಕತ್ತರಿಸಿ ಅಗಲ ಮಾಡಿಕೊಳ್ಳದಿದ್ದರೆ ಗೋಳ ಹರಿದುಹೋಗುತ್ತದೆ.

“ಡ್ಯಾಪಿ ಎಲ್ಲಿಯವರೆಗೆ ಕಂಡಿದೆ, ನೋಡಿದೆಯೇನಮ್ಮ?” ಎಂದು ನಮ್ಮ ಹಿರಿಯ ಸಂಶೋಧಕಿ ಕೇಳಿದರು. ಡ್ಯಾಪಿ ಎಲ್ಲ ಕೋಶಕೇಂದ್ರಗಳಿಗೂ ನೀಲಿ ಹಚ್ಚುವ ಬಣ್ಣ. ನೋಡಿದರೆ ಸುಮಾರು 50 ಮೈಕ್ರೋಮೀಟರ್ ಆಳ ದಾಟಿದ ಮೇಲೆ ಆ ನೀಲಿಯೂ ಮಾಸಿಹೋಗಿತ್ತು! ಅಲ್ಲಿ ಕೋಶಗಳೇ ಇಲ್ಲ, ಇಲ್ಲವೇ ನನಗೆ ಕಾಣುತ್ತಿಲ್ಲ. ಆಮ್ಲಜನಕ ಅಂಗಾಂಶದೊಳಗೆ 150ರಿಂದ 200 ಮೈಕ್ರೋಮೀಟರ್‌ನಷ್ಟು ದೂರ ಇಳಿಯುತ್ತದೆ. ಸತ್ತ ನಡುಭಾಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 500 ಮೈಕ್ರೋಮೀಟರ್ ದಾಟಿದ ಗೋಳಗಳಲ್ಲಿ. ನನ್ನ ಪುಟ್ಟ ಗೋಳದ ಒಡಲು ಸತ್ತಿರಲು ಕಾರಣವೇ ಇರಲಿಲ್ಲ. ಅನುಮಾನ ನನಗೇ ಬರಬೇಕಿತ್ತು.

ಮೊದಲು ಗೋಳವನ್ನು ಹೆಪ್ಪುಗಟ್ಟಿಸಿ, 10 ಮೈಕ್ರೋಮೀಟರ್ ದಪ್ಪದ ಹೋಳುಗಳಾಗಿ ಕತ್ತರಿಸಿ ಬಣ್ಣ ಹಾಕಿದೆ. ನಟ್ಟನಡುವೆಯೂ ಕೆಂಪು ಇತ್ತು, ಅಂಚಿಗಿಂತ ವಿರಳವಾಗಿ. ಅಂದರೆ ತಡೆ ಎರಡು ಕಡೆ ಇತ್ತು: ಕೆಐ-67ಕ್ಕೆ ಅಂಟಿಕೊಂಡು ಕೆಂಪು ಗುರುತು ಕೊಡುವ, ದೊಡ್ಡ ಅಣುವಾದ ಪ್ರತಿಕಾಯ ಒಂದು ರಾತ್ರಿಯಲ್ಲಿ ಒತ್ತಾದ ಕೋಶಗಳ ನಡುವೆ ನುಗ್ಗಿರಲಿಲ್ಲ, ಬೆಳಕು ದಾರಿಯಲ್ಲೇ ಚದುರಿಹೋಗಿತ್ತು. ಪ್ರತಿಕಾಯಕ್ಕೆ ನಾಲ್ಕು ಡಿಗ್ರಿಯಲ್ಲಿ, ಮೆಲ್ಲಗೆ ತೂಗುತ್ತಾ, ಮೂರು ದಿನ ಕೊಟ್ಟೆ. ಆಮೇಲೆ, ಬೆಳಕು ಚದುರದಿರಲೆಂದು, 60 ಶೇಕಡಾ ಗ್ಲಿಸರಾಲ್ ಮತ್ತು 2.5 ಮೋಲಾರ್ ಫ್ರಕ್ಟೋಸ್ ಬೆರೆಸಿದ ದ್ರಾವಣದಲ್ಲಿ ಗೋಳವನ್ನು ಮುಳುಗಿಸಿದೆ. ಬೆಲ್ಲದ ಪಾಕದಂತೆ ಅಂಟುವ ದ್ರಾವಣ. ಅವಸರ ಮಾಡಿದರೆ ಗುಳ್ಳೆಗಳು ಸಿಕ್ಕಿಕೊಂಡು ಚಿತ್ರ ಕೆಡುತ್ತದೆ. ಇಪ್ಪತ್ತು ನಿಮಿಷದಲ್ಲಿ ಗೋಳ ತಿಳಿಯಾಯಿತು. ನೀಲಿ ಈಗ ನಡುಭಾಗ ದಾಟಿಯೂ ಕಂಡಿತು, ಜೊತೆಗೆ ಕೆಂಪೂ.

ಇಷ್ಟೊಂದು ಹಟವೇಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಜಯನಗರದ ನಮ್ಮ ದೊಡ್ಡಮ್ಮನ ಬಯಾಪ್ಸಿ ವರದಿಯಲ್ಲಿ ಇದೇ ಕೆಐ-67ರ ಶೇಕಡಾ ಲೆಕ್ಕವನ್ನು ನಾನು ಓದಿದ್ದೇನೆ. ಚಿಕಿತ್ಸೆ ನಿರ್ಧರಿಸುವಾಗ ವೈದ್ಯರು ನೋಡುವ ಅಂಕೆಗಳಲ್ಲಿ ಅದೂ ಒಂದು. ನನ್ನ ಗೋಳದಲ್ಲಿ ಕಾಣದ ಕೋಶಗಳನ್ನು ‘ನಿದ್ರಿಸುತ್ತಿವೆ’ ಎಂದು ಬರೆದು, ಒಂದು ಔಷಧ ಅವುಗಳನ್ನು ತಲುಪಿತೋ ಇಲ್ಲವೋ ಎಂದು ತೀರ್ಮಾನಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಈಗ ಡ್ಯಾಪಿ ಸ್ಪಷ್ಟವಾಗಿ ಕಾಣುವ ಆಳದವರೆಗೆ ಮಾತ್ರ ಎಣಿಸುತ್ತೇನೆ. ಪ್ರತಿ ತಟ್ಟೆಯಿಂದ ಎರಡು ಗೋಳಗಳನ್ನು ಕತ್ತರಿಸಿ ನೋಡಲೆಂದೇ ಎತ್ತಿಡುತ್ತೇನೆ.